ಅತ್ತೆಯ ಹಾಡಿದ್ದ ಲ್ಯಾಪ್‌ಟಾಪ್

ಗಂಟಲಿನ ಆಪರೇಷನ್ ಆದಮೇಲೆ ನಮ್ಮ ಅತ್ತೆಗೆ ದನಿ ಹೊರಡುತ್ತಿರಲಿಲ್ಲ. ಅದಕ್ಕೆ ಮೊದಲು ತಮ್ಮೂರು ಮೆಟ್ರಿಯ ಗದ್ದೆಯಲ್ಲಿ ಅವರು ಹಾಡುತ್ತಿದ್ದ ನಾಟಿ ಹಾಡುಗಳನ್ನು ನನ್ನ ಹೆಂಡತಿ ಪುಟ್ಟ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಟಿ.ಬಿ. ಡ್ಯಾಂನ ನಮ್ಮ ಕ್ವಾರ್ಟರ್ಸಿಗೆ ಬಂದಾಗೆಲ್ಲ ಅತ್ತೆ ಅದರ ಮುಂದೆ ಕೂತು ತಮ್ಮದೇ ದನಿ ಕೇಳುತ್ತಿದ್ದರು.

ಒಂದು ದಿನ ಅದರ ಆಪರೇಟಿಂಗ್ ಸಿಸ್ಟಂ ಕೆಟ್ಟಿತು. ಹೊಸದಾಗಿ ಹಾಕೋಣವೆಂದರೆ ಆ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇರಲಿಲ್ಲ. ಗಣಿಯೂರು ದೋಣಿಮಲೈನ ಗೆಳೆಯನ ಹತ್ತಿರ ಹೊರಗಿನಿಂದ ಜೋಡಿಸುವ ಸಿಡಿ ಡ್ರೈವ್ ಇತ್ತು. ಬಸ್ಸಿನಲ್ಲಿ ಅದಿರು ಲಾರಿಗಳ ಹಿಂದೆ ತೆವಳುತ್ತ ಹೋಗಿ ಅದನ್ನು ತಂದೆ.

“ಹಾಡು ಹೋಗಂಗಿಲ್ಲ ಹೌದಲ್ರೀ?” ಎಂದು ಹೆಂಡತಿ ಕೇಳಿದಳು.

“ಏನೂ ಆಗಂಗಿಲ್ಲ ಬಿಡು,” ಎಂದೆ.

ಮೂರನೆಯ ಸಲಕ್ಕೆ ಡ್ರೈವ್ ಸಿಡಿಯನ್ನು ಓದಿತು. ಫಾರ್ಮ್ಯಾಟ್ ಮಾಡಲೇ ಎಂದು ಪರದೆ ಕೇಳಿದಾಗ, ಹಳೆಯ ಸಿಸ್ಟಂ ಮಾತ್ರ ಅಳಿಯುತ್ತದೆ ಎಂದುಕೊಂಡು ಎಂಟರ್ ಒತ್ತಿದೆ. ಇಡೀ ಡಿಸ್ಕೇ ಅಳಿಸಿಹೋಯಿತು. ಹೊಸಪೇಟೆಯ ರಿಪೇರಿ ಅಂಗಡಿಯವರು ಎರಡು ದಿನ ಇಟ್ಟುಕೊಂಡು, “ಇದರಾಗ ಏನೂ ಉಳಿದಿಲ್ರಿ ಸರ್,” ಎಂದರು.

ಮುಂದಿನ ವಾರ ಬಂದ ಅತ್ತೆ ಎಂದಿನಂತೆ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದರು.

“ನನ್ನಿಂದ ತಪ್ಪಾತ್ರಿ ಅತ್ತಿ, ಎಲ್ಲಾ ಹೋತು,” ಎಂದೆ.

ಅವರು ತುಟಿ ಅಲ್ಲಾಡಿಸಿದರು. ಏನು ಹೇಳಿದರೆಂದು ನನಗಾಗಲಿ ಅವರ ಮಗಳಿಗಾಗಲಿ ತಿಳಿಯಲಿಲ್ಲ.