ರಮಾನಾಥಣ್ಣ ನೇರ ಮಾಡಿದ ಗೆರೆ

ರಮಾನಾಥಣ್ಣ ವಾರ್ಡಿಗೆ ಕಾಲಿಟ್ಟರೆ ನರ್ಸುಗಳಾದ ನಮಗೆಲ್ಲ ತಲೆಬಿಸಿ. ಫ್ಯಾನ್ ಆರಿಸಿ, ಮೊಬೈಲ್ ಹೊರಗಿಡಿ, ಆ ವಯರು ಯಾಕೆ ಅಲುಗಿತು? ಮಲಾಡಿನ ಹೋಟೆಲಿನಲ್ಲಿ ಕಪ್ಪು ತೊಳೆಯುತ್ತ ರಾತ್ರಿಶಾಲೆಯಲ್ಲಿ ಕಲಿತ ಉಡುಪಿ ಕಡೆಯ ಮನುಷ್ಯ; ಈಗ ವಡಾಲದ ನಮ್ಮ ಆಸ್ಪತ್ರೆಯ ಯಂತ್ರಗಳ ರಿಪೇರಿ ಅವರದೇ. ಮೆದುಳಿನ ವಿದ್ಯುತ್ತು ಎಷ್ಟು ಸಣ್ಣದೆಂದರೆ, ಅದನ್ನು ಅಳೆಯುವ ಇಇಜಿ ಯಂತ್ರ ಸಾವಿರಾರು ಪಟ್ಟು ಹಿಗ್ಗಿಸಿ ಪರದೆಯ ಮೇಲೆ ಗೆರೆಯಾಗಿ ತೋರಿಸಬೇಕು. ಫ್ಯಾನು, ಮೊಬೈಲುಗಳಿಂದ ಜೊತೆಗೆ ಸೇರಿಕೊಂಡ ಕಸವೂ ಹಿಗ್ಗುತ್ತದೆ. ಆ ಕಸ ಗುಡಿಸುವುದರಲ್ಲೇ ಅವರ ತಲೆ ನರೆತಿದೆ.

ಹೋದ ವರ್ಷ ಬಸವಂತರಾಯ ಎಂಬ ಗಾರೆ ಕೆಲಸದವನು ನಮ್ಮಲ್ಲಿದ್ದ, ವಿಜಯಪುರದ ಕಡೆಯವನು. ತಲೆಯೊಳಗೆ ರಕ್ತಸ್ರಾವ; ಉಸಿರೂ ಯಂತ್ರದ್ದೇ. ಉಳಿದ ಪರೀಕ್ಷೆಗಳೆಲ್ಲ ಮೆದುಳು ಸತ್ತಿದೆ ಎಂದಿದ್ದವು. ಇಇಜಿ ಪರದೆಯ ಮೇಲೆ ಮಾತ್ರ ಗೆರೆ ಸಣ್ಣಗೆ ನಡುಗುತ್ತಿತ್ತು. ಡಾಕ್ಟರಿಗೆ ಅನುಮಾನ ಬಂದು ರಮಾನಾಥಣ್ಣನನ್ನು ಕರೆಸಿದರು. ಬಸವಂತರಾಯನ ಹೆಂಡತಿ ಹನುಮವ್ವನಿಗೆ ಆ ನಡುಕವೊಂದೇ ಉಳಿದ ಆಸೆ.

"ಜೀವ ಐತ್ರಿ ಅಣ್ಣಾ. ಗೆರಿ ಹೆಂಗ ಆಡಾಕತ್ತೈತಿ ನೋಡ್ರಿ. ಅದನ್ನ ಮುಟ್ಟಬ್ಯಾಡ್ರಿ."

ರಮಾನಾಥಣ್ಣ ತಂತಿಗಳನ್ನು ರೋಗಿಯ ತಲೆಯಿಂದ ಬಿಡಿಸಿ, ತುದಿಗಳನ್ನು ಒಂದಕ್ಕೊಂದು ಸೇರಿಸಿದರು. ಈಗ ಗೆರೆ ಸೊನ್ನೆಯಲ್ಲಿ ಸುಮ್ಮನಿರಬೇಕಿತ್ತು. ಖಾಲಿ ತಕ್ಕಡಿ ತೂಕ ತೋರಿಸಿದ ಹಾಗೆ ಅದು ಸೊನ್ನೆಗಿಂತ ಮೇಲೆ ನಿಂತು ನಡುಗುತ್ತಲೇ ಇತ್ತು.

"ಹಂಗಾರ ಇದು ಅವರದಲ್ಲೇನ್ರಿ?"

"ಅಲ್ಲಮ್ಮ. ಯಂತ್ರದ್ದು."

ನಿಜ ಹೇಳಿದ್ದಕ್ಕೇ ನನಗೆ ಅವರ ಮೇಲೆ ಸಿಟ್ಟು ಬಂತು. ಒಂದು ದಿನ ತಡೆದು ಹೇಳಿದ್ದರೆ ಏನಾಗುತ್ತಿತ್ತು?

ಪೆಟ್ಟಿಗೆ ಬಿಚ್ಚಿದರು. ಒಳಗಿನ ಬೋರ್ಡಿನ ಮೇಲೆ ಕಡಲ ಉಪ್ಪುಗಾಳಿಯ ತೇವ, ಅದಕ್ಕೆ ಹತ್ತಿದ ಧೂಳು. ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ, ಸೊನ್ನೆ ಹೊಂದಿಸಿ, ತಂತಿಗಳನ್ನು ಮತ್ತೆ ಬಸವಂತರಾಯನ ತಲೆಗೆ ಅಂಟಿಸಿದರು. ಗೆರೆ ನೆಟ್ಟಗೆ ಮಲಗಿತು.

"ಈಗ ಮಿಷಿನ್ನ ಸತ್ತಿರಬೇಕು," ಹನುಮವ್ವ ಕೂಗಿದಳು. "ನೀವ ಏನೋ ಮಾಡಿ ಕೊಂದ್ರಿ ಅದನ್ನ!"

ರಮಾನಾಥಣ್ಣನಿಗೆ ಬೇಸರವಾಗಲಿಲ್ಲ. "ನಿಮ್ಮ ಅನುಮಾನ ಸರಿಯೇ ಅಮ್ಮ. ನೀವೇ ನೋಡಿ. ಇಲ್ಲಿ, ತಂತಿ ಅಂಟಿಸಿದಲ್ಲಿ, ಮೆಲ್ಲ ಮುಟ್ಟಿ. ಯಂತ್ರ ಸರಿಯಿದ್ದರೆ ಗೆರೆ ಆಡಬೇಕು."

ಮುಟ್ಟಿದಳು. ಗೆರೆ ಚಿಮ್ಮಿತು. ಬೆರಳು ತೆಗೆದಳು, ನೆಟ್ಟಗಾಯಿತು. ಮತ್ತೆ ಮುಟ್ಟಿದಳು, ಮತ್ತೆ. ಆಮೇಲೆ ಪರೀಕ್ಷೆ ಮರೆತು ಗಂಡನ ತಲೆ ನೇವರಿಸತೊಡಗಿದಳು. ಗೆರೆ ಕುಣಿಯುತ್ತಲೇ ಇತ್ತು. ಸಾವನ್ನು ಖಚಿತಪಡಿಸಲು ಬಂದ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಒಂದು ವಯರು ಅಲುಗಿದರೂ ನಮ್ಮನ್ನು ಬೈಯುವ ರಮಾನಾಥಣ್ಣ ಅವಳಿಗೆ ಜಾಗ ಬಿಟ್ಟು ಹಿಂದೆ ಸರಿದರು.

ಕೊನೆಗೆ ಹನುಮವ್ವ ತಾನಾಗಿ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಾ ಮುಟ್ಟಿದ್ರಷ್ಟ ಆಡತೈತ್ರಿ," ಎಂದಳು. "ಡಾಕ್ಟರಿಗೆ ಒಳಗ ಬರಾಕ ಹೇಳ್ರಿ."