ಸೀಲಿನ ಮೇಲೆ ಅತ್ತೆಯ ಸಹಿ

ನಮ್ಮ ಅತ್ತೆಯ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟು ಕೂತು ಬೆಳ್ಳಗಿರುತ್ತಿದ್ದವು. ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆದರೆ ಸಂಜೆ ಮುಖ ತೊಳೆಯುವವರೆಗೆ ಆಕೆಯ ನಿಜವಾದ ಬಣ್ಣ ಯಾರಿಗೂ ಕಾಣುತ್ತಿರಲಿಲ್ಲ. ಓಟಿನ ದಿನ ಮಾತ್ರ ಗಿರಣಿ ಬಂದ್. ಅವತ್ತು ತಲೆಗೆ ನೀರು ಹಾಕಿಕೊಂಡು, ಇಳಕಲ್ಲು ಸೀರೆ ಉಟ್ಟು, ಕಪ್ಪು ಹುಬ್ಬಿನ ಅತ್ತೆ ಹೊರಗೆ ಬಂದರೆ ಓಣಿಯ ಸಣ್ಣ ಮಕ್ಕಳು ಗುರುತು ಹತ್ತದೆ ನೋಡುತ್ತ ನಿಲ್ಲುತ್ತಿದ್ದವು.

ಆಕೆ ನನ್ನ ಅಪ್ಪನ ಅಕ್ಕ. ನಮ್ಮದು ಆಂಧ್ರದ ಗಡಿಯಲ್ಲಿ ನಾಗಲದಿನ್ನೆ ಕಡೆಯ ಊರು, ತುಂಗಭದ್ರೆಯ ದಂಡೆ. ಗಿರಣಿ ಹಾಕಿದವನು ಮಾವ. ಅವನು ಒಂದು ಪಾರ್ಟಿಯ ಪರವಾಗಿ ಓಟಿನ ಬೂತಿನಲ್ಲಿ ಏಜೆಂಟಾಗಿ ಕೂರುತ್ತಿದ್ದ. ಅವನು ತೀರಿಕೊಂಡ ಮೇಲೆ ಗಿರಣಿಯೂ ಏಜೆಂಟಿನ ಕುರ್ಚಿಯೂ ಅತ್ತೆಯ ಪಾಲಿಗೆ ಬಂದವು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಓಟು ಹಾಕಲು ಬಂದರೆ ಹಿಡಿಯುವುದು ಏಜೆಂಟಿನ ಕೆಲಸ. ಗಿರಣಿಗೆ ಬಾರದ ಮುಖ ಊರಲ್ಲಿ ಯಾವುದಿದೆ? ಪಾರ್ಟಿಯವರು ಬೇರೆ ಯಾರನ್ನೂ ಹುಡುಕಲಿಲ್ಲ.

ನಾನು ಗಿರಣಿಯ ಕಟ್ಟೆಯ ಮೇಲೆ ಬಟ್ಟೆ ಹೊಲಿಯುತ್ತ ಕೂರುತ್ತಿದ್ದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಬೀಸಲು ತಂದವರಿಗೆ ಗಿರಣಿಯ ಮೇಲೆ ಯಾವಾಗಲೂ ಒಂದು ಅನುಮಾನ. ಹಿಂದಿನವರ ಸಜ್ಜೆ ತಮ್ಮ ಜೋಳದಲ್ಲಿ ಕೂಡಿತೋ ಏನೋ, ಒಂದು ಹಿಡಿ ಹಿಟ್ಟು ಒಳಗೇ ಉಳಿಯಿತೋ ಏನೋ. ಅತ್ತೆಗೆ ಅದರಿಂದ ಸಿಟ್ಟು ಬರುತ್ತಿರಲಿಲ್ಲ. ಗಿರಣಿ ನಿಲ್ಲಿಸಿ, ಹಿಟ್ಟು ಬೀಳುವ ಬಟ್ಟೆಯ ಚೀಲವನ್ನು ಕೊಡವಿ ತೋರಿಸಿ, "ಕೈ ಹಾಕಿ ನೋಡವ್ವ. ನಿನ್ನ ಕಾಳು, ನಿನ್ನ ಹಿಟ್ಟು. ಸಂಶೇ ಇಟ್ಕೊಂಡು ಮನಿಗೆ ಹೋಗಬ್ಯಾಡ" ಅನ್ನುತ್ತಿದ್ದಳು.

ಬೂತಿನಲ್ಲೂ ಹಾಗೇ. ಓಟು ಶುರುವಾಗುವ ಮೊದಲು ಏಜೆಂಟರ ಮುಂದೆ ಮಿಷನ್ನನ್ನು ಪರೀಕ್ಷೆ ಮಾಡುತ್ತಾರೆ. ಆಕೆ ಒಂದೊಂದು ಗುರುತಿನ ಬಟನ್ನೂ ಒತ್ತಿಸುತ್ತಿದ್ದಳು. ಗಾಜಿನ ಕಿಂಡಿಯಲ್ಲಿ ಅದೇ ಗುರುತಿನ ಚೀಟಿ ಬಂತೇ ಎಂದು ಬಗ್ಗಿ ನೋಡುತ್ತಿದ್ದಳು. ಆ ಪರೀಕ್ಷೆಯ ಓಟನ್ನೆಲ್ಲ ಅಳಿಸಿ, ಚೀಟಿ ಬಿದ್ದ ಪೆಟ್ಟಿಗೆ ಖಾಲಿ ಮಾಡಿ ತೋರಿಸಿದ ಮೇಲೇ ಮಿಷನ್ನಿಗೆ ಅಂಟಿಸುವ ಸೀಲಿನ ಮೇಲೆ ಸಹಿ. ಮಾವ ಕಲಿಸಿದ ಮೂರು ಅಕ್ಷರ ಅದು, ಒಂದೊಂದೂ ಒಂದೊಂದು ಕಡೆಗೆ ವಾಲುತ್ತಿತ್ತು. ಉಳಿದವರೆಲ್ಲ ತೆಲುಗಿನಲ್ಲಿ ಬರೆಯುವವರು. ಕನ್ನಡದ ಸಹಿ ಆಕೆಯದೊಂದೇ.

ನಮ್ಮ ಬೂತು ಮೊದಲಿನಿಂದ ಆ ಪಾರ್ಟಿಯದೇ. ನಾನು ಹೇಳಹೊರಟ ಆ ಸಲದ ಓಟಿನಲ್ಲೂ ಹಾಗೇ ಎಂದುಕೊಂಡಿದ್ದೆವು. ಬೀಸಲು ಬಂದ ಪ್ರತಿ ಹೆಂಗಸೂ "ನಮ್ಮನಿ ಓಟು ನಿನಗ ಅಕ್ಕಾ" ಎಂದು ಹೇಳಿಯೇ ಹಿಟ್ಟಿನ ಬುಟ್ಟಿ ಎತ್ತುತ್ತಿದ್ದಳು. ಓಟು ಪಾರ್ಟಿಗಲ್ಲ, ತನಗೇ ಎಂಬಂತೆ ಅತ್ತೆಯೂ ಕೈ ಮುಗಿಯುತ್ತಿದ್ದಳು.

ಎಣಿಕೆಗೂ ಪಾರ್ಟಿ ಆಕೆಯನ್ನೇ ಕರ್ನೂಲಿಗೆ ಕಳಿಸಿತು. ಸಂಜೆ ಬಸ್ಸಿಳಿದು ನೇರ ಗಿರಣಿಗೆ ಬಂದಳು. ಇಳಕಲ್ಲು ಸೀರೆಯಲ್ಲೇ ಗಿರಣಿ ಶುರು ಮಾಡಿದಳು.

"ಏನಾತತ್ತಿ?" ಎಂದೆ.

"ಸೋತಿವಿ."

"ನಮ್ಮ ಬೂತು?"

"ನಮ್ಮ ಬೂತಿನ್ಯಾಗೂ."

ಅಷ್ಟೇ. ಯಾರೋ ಇಟ್ಟು ಹೋಗಿದ್ದ ಜೋಳದ ಡಬ್ಬಿ ಎತ್ತಿ ಮೇಲೆ ಸುರಿದಳು.

ಮರುದಿನ ಮೊದಲು ಬಂದವಳು ಎದುರುಮನೆಯಾಕೆ. ಕುರಿ ಸಾಕುವವರು ಅವರು. ಅತ್ತೆಗೆ ಒಡಹುಟ್ಟಿದ ತಂಗಿಯಂತಿದ್ದಳು. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗದ ದಿನವಿರಲಿಲ್ಲ. ಬಂದವಳೇ ತಲೆಯ ಮೇಲೆ ಕೈ ಇಟ್ಟುಕೊಂಡು, "ನನ್ನ ಮಕ್ಕಳಾಣೆ ಅಕ್ಕಾ, ನಾವೆಲ್ಲ ನಿಮ್ಮ ಗುರ್ತಿಗೇ ಒತ್ತೀವಿ. ಆ ಮಿಷನ್ನೇ ನುಂಗೈತಿ" ಎಂದಳು.

"ಹೌದೇನವ್ವ" ಎಂದು ಅತ್ತೆ ಹಿಟ್ಟು ಸಮ ಮಾಡಿದಳು.

ಆಮೇಲೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಎಲ್ಲರ ಬಾಯಲ್ಲೂ ಅದೇ ಮಾತು. ಚೀಟಿ ಕಾಣಿಸಲೇ ಇಲ್ಲ ಎಂದು ಒಬ್ಬಳು, ಬೆಳಕು ಬೇರೆ ಕಡೆ ಹತ್ತಿತು ಎಂದು ಒಬ್ಬಳು. ಎಲ್ಲರಿಗೂ "ಹೌದೇನವ್ವ". ವಾರ ಕಳೆಯುವುದರೊಳಗೆ ಊರಲ್ಲಿ ಎದುರು ಪಾರ್ಟಿಗೆ ಓಟು ಹಾಕಿದ ಒಬ್ಬ ಮನುಷ್ಯನೂ ಉಳಿಯಲಿಲ್ಲ. ಹಾಗಾದರೆ ಅಷ್ಟು ಓಟು ಯಾರದು ಎಂದು ಯಾರೂ ಕೇಳಲಿಲ್ಲ. ಮಿಷನ್ನಿನದು ಎಂದರೆ ಎಲ್ಲರಿಗೂ ಹಗುರವಾಗುತ್ತಿತ್ತು.

ಆ ದಿನಗಳಲ್ಲಿ ಅತ್ತೆ ಅತ್ತಿದ್ದನ್ನು ನಾನು ನೋಡಲಿಲ್ಲ, ಸಿಟ್ಟು ಮಾಡಿದ್ದನ್ನೂ ನೋಡಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಾಗ, ನಾನು ಕೇಳದಿದ್ದರೂ, "ಮಿಷನ್ ನಂಬಿದ್ರ ಊರು ನಂಬಂಗಿಲ್ಲ. ಊರು ನಂಬಿದ್ರ ಮಿಷನ್ ನಂಬಂಗಿಲ್ಲ. ಎರಡೂ ನನ್ನ ಕಣ್ಣ ಮುಂದನ ಅದಾವು" ಎಂದಳು. ಕರೆಂಟು ಬಂತು. ಎದ್ದು ಹೋದಳು.

ಅದಾದ ಒಂದೆರಡು ದಿನಕ್ಕೆ ಪಾರ್ಟಿಯ ನಮ್ಮೂರ ಲೀಡರು ಗಿರಣಿಗೆ ಬಂದರು. ಜೊತೆಗೆ ಅತ್ತೆಯ ಮಗ. ಅವನು ಲೀಡರ ಬೈಕಿನ ಹಿಂದಿನ ಸೀಟು ಬಿಟ್ಟು ಇಳಿದವನಲ್ಲ. ಎಣಿಕೆಯಲ್ಲಿ ಮೋಸವಾಗಿದೆ ಎಂದು ಮೇಲಿನವರಿಗೆ ದೂರು ಕೊಡುವುದಿದೆ, ಏಜೆಂಟರು ಹೇಳಿದರೆ ತೂಕ ಎಂದರು.

"ಅಕ್ಕಾ, ಎಣಿಸೋ ಮುಂದ ಸೀಲ್ ನೋಡಿದಿ. ಆ ಸಹಿ ನಂದಲ್ಲ ಅನ್ನು. ಅಷ್ಟ. ಬ್ಯಾರೇನೂ ಬ್ಯಾಡ."

"ನಂದ ಇತ್ತಲ್ಲ ತಮ್ಮಾ."

"ಇರಲಿ. ಇಲ್ಲ ಅನ್ನು."

"ಹ್ಯಾಂಗ ಅನ್ಲಿ? ಮೂರು ಅಕ್ಷರ, ಸೊಟ್ಟ ಬರದೀನಿ. ಹಂಗ ಸೊಟ್ಟಗನ ಇತ್ತು."

"ಮತ್ತ ಸೋತಿದ್ದು ಹ್ಯಾಂಗ, ನೀನ ಹೇಳು. ನಮ್ಮೂರಾಗ ಒಬ್ಬರರ ನಮಗ ಹಾಕಿಲ್ಲ ಅಂದಾರೇನು?"

ಅತ್ತೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. "ಬ್ಯಾರೆ ಬೂತಿನ್ಯಾಗ ಏನಾಗೇತೋ ನಾ ಕಂಡಿಲ್ಲ. ಆಗಿದ್ರ ಅಲ್ಲಿ ಕುಂತವರನ್ನ ಕೇಳ್ರಿ. ನಮ್ಮ ಬೂತಿನ್ಯಾಗ ಮುಂಜಾನಿಂದ ಸಂಜಿ ಮಟ ನಾ ಕುಂತೀನಿ. ಸೀಲ್ ಹಾಕಿದ್ದು ಕಂಡೀನಿ, ಒಡದಿದ್ದೂ ಕಂಡೀನಿ."

ಮಗ ನಡುವೆ ಬಂದ. "ಯವ್ವಾ, ನಿನಗ ಕೈ ಮುಗೀತೀನಿ. ಒಂದ್ ಮಾತು. ನಂದೂ ಸ್ವಲ್ಪ ನೋಡು."

"ನಿಂದ ನೋಡಾಕತ್ತೀನಪ್ಪ" ಎಂದಳು ಅತ್ತೆ. ದನಿ ಏರಲಿಲ್ಲ. ಲೀಡರು ಚಹಾ ಕುಡಿಯದೆ ಎದ್ದರು.

ಆ ತಿಂಗಳೇ ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಮ್ಮಿಗನೂರಿಗೆ ಮನೆ ಮಾಡಿದ. ಹಬ್ಬಕ್ಕೆ ಬಂದರೂ ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದ, ಗಿರಣಿ ಕಡೆಗೆ ತಿರುಗುತ್ತಿರಲಿಲ್ಲ. ಅತ್ತೆಯ ಮಾತು ಖರೇ ಆದರೆ ಊರು ಸುಳ್ಳಾಗುತ್ತಿತ್ತು, ಬೀಸಲು ಬರುವವರೂ ಕಡಿಮೆಯಾದರು. ಗೆದ್ದ ಪಾರ್ಟಿಯವರು ಒಮ್ಮೆ ಬಂದು, "ಸ್ಟೇಜ್ ಮ್ಯಾಲ ಬಂದು ಇದ್ದದ್ದು ಹೇಳಮ್ಮಾ" ಎಂದು ಕರೆದರು. "ನಾ ಸೋತಾಕಿ. ನಿಮ್ಮ ಸ್ಟೇಜಿನ ಮ್ಯಾಲ ನಂದೇನೈತಿ?" ಎಂದು ಅವರನ್ನೂ ಕಳಿಸಿದಳು.

ಮುಂದಿನ ಓಟಿನಲ್ಲಿ ಆಕೆಯ ಕುರ್ಚಿಯಲ್ಲಿ ಲೀಡರ ಅಳಿಯ ಕೂತ. ಅತ್ತೆ ಎಲ್ಲರಂತೆ ಸಾಲಿನಲ್ಲಿ ನಿಂತು ಓಟು ಹಾಕಿ, ಮನೆಗೆ ಬಂದು ಸೀರೆ ಬದಲಿಸಿ, ಗಿರಣಿ ತೆಗೆದಳು. ಓಟಿನ ದಿನ ನಮ್ಮ ಓಣಿಯಲ್ಲಿ ಗಿರಣಿಯ ಸದ್ದು ಕೇಳಿದ್ದು ಅದೇ ಮೊದಲು. ಬೀಸಲು ಯಾರೂ ಬಂದಿರಲಿಲ್ಲ, ಮನೆಯದೇ ಜೋಳ ಬೀಸಿದಳು. ನಾನು ಹೊಲಿಗೆ ಹಾಕುತ್ತಿದ್ದೆ.

ಕೆಮ್ಮು ಮೊದಲಿಂದ ಇತ್ತು. ಆಮೇಲೆ ಉಸಿರು ಹಿಡಿಯತೊಡಗಿತು. ಆದೋನಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಹಿಟ್ಟಿನ ಧೂಳು ಎದೆಯಲ್ಲಿ ಕೂತಿದೆ ಎಂದರು, ಸ್ವಲ್ಪ ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮನೆಗೆ ಬಂದ ಮೇಲೆ ಎದುರುಮನೆಯಾಕೆ ದಿನವೂ ಗಂಜಿ ತಂದು ಕೂರುತ್ತಿದ್ದಳು. ಒಂದು ದಿನ ಗಂಜಿ ಕುಡಿಸುತ್ತಿದ್ದವಳು ಬಟ್ಟಲು ಕೆಳಗಿಟ್ಟಳು.

"ಅಕ್ಕಾ, ಒಂದ್ ಮಾತು ಹೇಳಬೇಕು. ಆವಾಗಿಂದ ಎದಿಯಾಗ ಐತಿ. ಆ ಸಲ ಓಟಿಗೆ ನಾನು..."

ಅತ್ತೆ ಕೈ ಎತ್ತಿ ಆಕೆಯ ಬಾಯಿಗೆ ಅಡ್ಡ ಇಟ್ಟಳು. "ಹೇಳಬ್ಯಾಡ. ಅದು ಗುಟ್ಟಿನ ಓಟು. ಹೇಳಾಕ ನಿನಗೂ ಇಲ್ಲ, ಕೇಳಾಕ ನನಗೂ ಇಲ್ಲ."

"ಮಕ್ಕಳ ಆಣೆ ಮಾಡೀನಕ್ಕಾ."

"ನಿನ್ನ ಮಕ್ಕಳು ಚಂದಾಗಿ ಅದಾರ. ಗಂಜಿ ಹಾಕು."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ: "ಅತ್ತಿ, ಒಬ್ಬಾಕೆರ ಖರೇ ಹೇಳತಿದ್ಲು. ಕೇಳಬೇಕಾಗಿತ್ತು. ನೀ ಸುಳ್ಳಲ್ಲ ಅಂತ ನಿನ್ನ ಮಗಗೂ ಗೊತ್ತಾಗತಿತ್ತು."

ಅತ್ತೆ ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು. "ನಾ ಕೇಳಿದೆ ಅಂತ ಇಟ್ಕೋ. ಮುಂದಿನ ಸಲ ಬಟನ್ ಒತ್ತೋ ಮುಂದ ಆಕಿಗೆ ನನ್ನ ಮಾರಿ ನೆನಪಾಗ್ತೈತಿ. ಅಲ್ಲಿ ಯಾರ ಮಾರೀನೂ ನೆನಪಾಗಬಾರದವ್ವ."

ಆ ಮಾತಿನ ನಂತರ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಮುಖ ತೊಳೆಯಿಸಲು ಹೋದಾಗ ಕೈ ತಣ್ಣಗಿತ್ತು. ಎಮ್ಮಿಗನೂರಿಗೆ ಫೋನು ಮಾಡಿದೆ. ಮಗ ಬಂದು ಬಾಗಿಲಲ್ಲೇ ಕುಸಿದು ಕೂತ. ಅವನನ್ನು ಎಬ್ಬಿಸಬೇಕು ಅನಿಸಿತು, ಎಬ್ಬಿಸಲಿಲ್ಲ.

ಊರಿನ ಹೆಂಗಸರೆಲ್ಲ ಬಂದರು. ಅತ್ತೆಯ ಗುಣ ಎತ್ತಿ ಎತ್ತಿ ಹಾಡಿಕೊಂಡು ಅತ್ತರು. ಎದುರುಮನೆಯಾಕೆ ಅತ್ತೆಯ ಕಾಲ ಬಳಿ ಬಿದ್ದವಳು ಏಳಲಿಲ್ಲ. ನಾನು ಗೋಡೆಗೆ ಒರಗಿ ಒಂದೊಂದು ಮುಖ ನೋಡುತ್ತ ಕೂತಿದ್ದೆ. ಈಕೆ ಆ ಕಡೆ ಒತ್ತಿರಬೇಕು, ಈಕೆಯೂ ಇರಬೇಕು ಎಂದು ಮನಸ್ಸು ತಾನಾಗಿ ವಿಂಗಡಿಸತೊಡಗಿತ್ತು. ನಾಲ್ಕೈದು ಮುಖ ದಾಟಿದ ಮೇಲೆ ನಾಚಿಕೆಯಾಗಿ ಬಿಟ್ಟೆ. ಯಾರು ಯಾವ ಬಟನ್ ಒತ್ತಿದ್ದರೋ, ಅಳು ಮಾತ್ರ ಎಲ್ಲರದೂ ಖರೇ ಇತ್ತು.

ನನಗೊಬ್ಬಳಿಗೆ ಅಳು ಬರಲಿಲ್ಲ. ಅಷ್ಟೂ ಮಂದಿಗೆ ಕುಡಿಯಲು ನೀರು ಬೇಕಲ್ಲ ಎಂದು ಕೊಡ ತೆಗೆದುಕೊಂಡು ಎದ್ದೆ.