ಅತ್ತೆ ಹಡಗಿಗೆ ಮುಂಗಡ ಕಟ್ಟಿದ್ದು

ನಮ್ಮ ಮನೆಯಲ್ಲಿ ಯಾರಾದರೂ ತಮ್ಮ ಆಸೆಯೊಂದನ್ನು ಬಾಯಿಬಿಟ್ಟು ಹೇಳಿದರೆ ಸಾಕು, ಅದರ ಮೇಲೆ ಪಂಚಾಯಿತಿ ಕೂಡುತ್ತದೆ. ಚಹಾ ಬರುತ್ತದೆ, ಒಗ್ಗರಣೆ ಹಾಕಿದ ಚುರುಮರಿ ಬರುತ್ತದೆ, ಮತ್ತೆ ಚಹಾ ಬರುತ್ತದೆ. ಆಸೆ ಹೇಳಿದವರು ಮಾತ್ರ ಒಂದು ಮೂಲೆಯಲ್ಲಿ, ಕಳವು ಮಾಡಿ ಸಿಕ್ಕಿಬಿದ್ದವರ ಹಾಗೆ ಕೂತಿರುತ್ತಾರೆ. ಈ ಬೇಸಿಗೆಯಲ್ಲಿ ಹಾಗೆ ಕೂತವಳು ನನ್ನ ಅತ್ತೆ, ಅಪ್ಪನ ಅಕ್ಕ. ದೀಪಾವಳಿ ಮುಗಿದ ಮೇಲೆ ಮುಂಬೈಯಿಂದ ಹೊರಡುವ ಹಡಗಿನಲ್ಲಿ ಗೋವಾ, ಲಕ್ಷದ್ವೀಪ ಸುತ್ತಿ ಬರುತ್ತೇನೆ, ಅದಕ್ಕೆ ಈಗಲೇ ರೊಕ್ಕ ಕಟ್ಟುತ್ತೇನೆ ಅಂದಿದ್ದಳು. ಅಷ್ಟೇ ಅವಳ ಅಪರಾಧ. ಪಿಂಚಣಿ ಅವಳದು, ಹೋಗುವವಳೂ ಅವಳೇ. ಆದರೆ ಕಟ್ಟಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಮಾತ್ರ ಉಳಿದವರೆಲ್ಲರದು. ಶ್ರಾವಣ ಬಂದರೂ ನನ್ನ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆ ಶಿರಹಟ್ಟಿಯ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದವಳು. ಮಾವ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ಮಕ್ಕಳಿಲ್ಲ. ಲಕ್ಷ್ಮೇಶ್ವರದಲ್ಲಿ ಬಾಡಿಗೆ ಮನೆ ಹಿಡಿದು, ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಪಾಠ ಹೇಳಿ, ನಿಂತೇ ವಾಪಸ್ ಬಂದು, ಕಡೆಗೆ ಎರಡೂ ಮೊಣಕಾಲನ್ನು ಸರ್ಕಾರಕ್ಕೆ ಒಪ್ಪಿಸಿ ಬೆಟಗೇರಿಯ ನಮ್ಮ ಮನೆಗೆ ಬಂದಳು. ಬಂದ ಮೇಲೆ ನಮ್ಮ ಜೊತೆ ಪ್ರವಾಸ ಹೋಗಿಲ್ಲ ಅಂತಲ್ಲ, ಪ್ರತಿ ವರ್ಷ ಹೋಗಿದ್ದಾಳೆ. ಆದರೆ ಅಪ್ಪನ ತಮ್ಮ, ನಮ್ಮ ಕಾಕಾ, ಆರಿಸುವ ಊರಿಗೆಲ್ಲ ಒಂದು ಗುಡ್ಡ ಇರುತ್ತದೆ, ಗುಡ್ಡಕ್ಕೆ ಮೆಟ್ಟಿಲಿರುತ್ತವೆ, ಮೆಟ್ಟಿಲ ತುದಿಗೆ ದೇವರಿರುತ್ತಾನೆ. ಗಾಡಿಯಿಂದ ಇಳಿದ ಕೂಡಲೇ ಎಲ್ಲರೂ ಚಪ್ಪಲಿ ಬಿಚ್ಚಿ ಅತ್ತೆಯ ಮುಂದೆ ಸುರಿಯುವುದು, "ಅಕ್ಕಾ, ನೀ ಇಲ್ಲೇ ಕುಂತಿರು, ಜಲ್ದಿ ಬರ್ತೀವಿ" ಅನ್ನುವುದು. ಸಿಂಗಟಾಲೂರಿಗೆ ಹೊಳೆ ನೋಡಲು ಹೋದಾಗಲೂ ಇದೇ ಕತೆ. ನಾವು ನೀರಿಗಿಳಿದೆವು, ಅವಳು ಮೇಲೆ ಬ್ಯಾಗು, ಚಪ್ಪಲಿ, ಕಾಕಾನ ಹಲ್ಲಿನ ಸೆಟ್ಟು ಕಾಯುತ್ತಾ ಕೂತಳು. ಎಷ್ಟೋ ಪುಣ್ಯಕ್ಷೇತ್ರಗಳಲ್ಲಿ ಅವಳಿಗೆ ಆದ ದರ್ಶನ ನಮ್ಮ ಮನೆಯವರ ಚಪ್ಪಲಿಗಳದ್ದು. ಇದನ್ನು ಯಾರೂ ಅನ್ಯಾಯ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ನನ್ನ ಚಪ್ಪಲಿ ಹೊಸದಿದ್ದಾಗ ಎರಡು ಸಲ ಹೇಳಿಯೇ ಹೋಗುತ್ತಿದ್ದೆ.

ಹಡಗಿನ ವಿಡಿಯೊ ಅವಳಿಗೆ ತೋರಿಸಿದವನು ನಾನೇ. ಅವಳು ಅದನ್ನು ಮತ್ತೆ ಮತ್ತೆ ಹಚ್ಚಿಸಿ ನೋಡಿದಳು. ಅವಳು ನೋಡಿದ್ದು ನೀಲಿ ನೀರನ್ನಲ್ಲ, ಅದರೊಳಗಿದ್ದ ಲಿಫ್ಟನ್ನು.

"ಇದರಾಗ ಮೆಟ್ಲು ಹತ್ತೂದ ಇಲ್ಲೇನಲೇ? ನಾವು ಕುಂತ ಕಡೀನ ಕುಂಡ್ರೂದು, ಊರುಗೋಳ ನಮ್ಮನ್ನ ನೋಡಾಕ ಬರ್ತಾವು?"

"ಹೂನ್ ಅತ್ತಿ. ಚಪ್ಪಲಿ ಕಾಯೂ ಕೆಲಸಾನೂ ಇಲ್ಲ."

ಮರುದಿನವೇ ಆಟೊ ಹಿಡಿದು ಗದಗಿನ ಪ್ರವಾಸದ ಏಜೆಂಟನ ಬಳಿ ಹೋದೆವು. ಎಳೆ ಹುಡುಗ, ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡಿದ್ದ. "ಮೇಡಂ, ಈಗ್ಲೇ ಪೂರ್ತಿ ಪೇಮೆಂಟ್ ಮಾಡ್ಬಿಟ್ರೆ ನಿಮ್ಗೆ ಬೆನಿಫಿಟ್ ಜಾಸ್ತಿ ಆಗುತ್ತೆ" ಎಂದು ಬೆಂಗಳೂರಿನವರಂತೆ ತೇಲಿಸಿ ಮಾತಾಡಿದ. "ಯಾವೂರಪಾ ನಿಂದು?" ಎಂದು ಅತ್ತೆ ಕೇಳಿದ್ದೇ ತಡ, "ಹುಲಕೋಟಿರಿ ಅಕ್ಕೋರ" ಎಂದು ದಡಕ್ಕನೆ ನೆಲಕ್ಕಿಳಿದ. ಆಮೇಲೆ ಸರಿಯಾಗಿ ತಿಳಿಸಿ ಹೇಳಿದ. ಮುಂದಿನ ಶುಕ್ರವಾರದೊಳಗೆ ಪೂರ್ತಿ ರೊಕ್ಕ ಕಟ್ಟಿದರೆ ದರ ಕಡಿಮೆ. ಜೊತೆಗೆ ಬೇಕಾದ ಕೋಣೆ ಆರಿಸಿಕೊಳ್ಳಬಹುದು, ಲಿಫ್ಟಿನ ಪಕ್ಕದ್ದು, ಸಮುದ್ರಕ್ಕೆ ಬಾಗಿಲು ತೆರೆಯುವಂಥದ್ದು. ತಡಮಾಡಿದರೆ ಉಳಿದದ್ದು ಸಿಗುತ್ತದೆ, ಉದ್ದನೆಯ ಓಣಿಯ ಕೊನೆಗಾದರೂ ಆಯಿತು, ಕಿಟಕಿ ಇಲ್ಲದ್ದಾದರೂ ಆಯಿತು. ಆದರೆ ಈಗ ಕಟ್ಟಿದ ರೊಕ್ಕ, ಹೋಗದಿದ್ದರೆ, ವಾಪಸ್ ಬರುವುದಿಲ್ಲ.

ಈ ಕಡೆಯ ಮಾತನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ಹೇಳಿದೆ. ಅದೂ ಆ ಹುಡುಗನ ದನಿಯಲ್ಲೇ.

ನನ್ನ ಬಗ್ಗೆಯೂ ಒಂದು ಮಾತು. ಮೊಬೈಲ್ ಅಂಗಡಿಯಲ್ಲಿ ಗ್ಲಾಸ್ ಅಂಟಿಸುವುದು ನನ್ನ ಕೆಲಸ. ಹೆಣ್ಣಿನ ಕಡೆಯವರು ಕೇಳಿದರೆ ಅವ್ವ "ಇಲೆಕ್ಟ್ರಾನಿಕ್ಸ್ ಲೈನ್‌ನಾಗ ಅದಾನ್ರಿ" ಅನ್ನುತ್ತಾಳೆ. ಗುಳ್ಳೆ ಬಾರದ ಹಾಗೆ ಗ್ಲಾಸ್ ಅಂಟಿಸುವುದು ಬಿಟ್ಟರೆ ನನಗೆ ಬರುವ ಇನ್ನೊಂದೇ ವಿದ್ಯೆ ಮಂದಿಯ ದನಿ ತೆಗೆಯುವುದು. ಕಂಡಕ್ಟರು, ಸ್ವಾಮಿಗಳು, ಓಣಿಯ ನಾಯಿ, ಯಾವುದಾದರೂ ಸರಿ. ನನ್ನದೇ ದನಿಯಲ್ಲಿ ಮಾತಾಡಿದರೆ ಮಾತ್ರ ಮನೆಯಲ್ಲಿ ಯಾರೂ ಕಿವಿಗೊಡುವುದಿಲ್ಲ.

ಪಂಚಾಯಿತಿಯಲ್ಲಿ ಮೊದಲು ಬಾಯಿ ತೆರೆದವನು ಕಾಕಾ. ಅವನದು ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ವ್ಯಾಪಾರ. ಮಾತಿಗೆ ಮುಂಚೆ ಗಂಟಲು ಕೆರೆದು, ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ.

"ಅಕ್ಕಾ, ವ್ಯಾಪಾರ ಅಂದ್ರ ತಾಳ್ಮಿ. ಈಗ ಹೋಗಿ ರೊಕ್ಕ ಸುರದ್ರ ಅಂವಾ ನಕ್ಕೋಂತ ಕುಂಡ್ರತಾನ. ನೀ ಸುಮ್ನ ಕುಂಡ್ರು. ಹಡಗ ಬಿಡೂ ಮುಂದ ಖಾಲಿ ರೂಮು ಉಳೀತಾವು. ಆವಾಗ ಅಂವಾನ ಫೋನ್ ಮಾಡಿ, ಅರ್ಧಾ ರೇಟಿಗೆ ಬರ್ರಿ ಅಕ್ಕೋರ ಅಂತ ಕೈ ಮುಗೀತಾನ."

"ಕಾಕಾ, ಹ್ವಾದ ವರ್ಷ ಉಳ್ಳಾಗಡ್ಡಿನೂ ಗೋದಾಮಿನ್ಯಾಗ ಹಂಗ ಕೈ ಮುಗದು ನಿಂತಿತ್ತಲ್ಲ, ಮೊಳಕಿ ಒಡದು?" ಅಂದೆ.

"ಬಾಯಿ ಮುಚ್ಚಲೇ, ಗ್ಲಾಸ್ ಅಂಟ್ಸಾವ್ನ."

ಅಪ್ಪ ಬೇರೆ ದಾರಿ ಹಿಡಿದ. "ಕಾಣದ್ದಕ್ಕ ರೊಕ್ಕ ಕೊಡಬಾರ್ದವಾ. ಮಾಲು ಕಣ್ಣಿಲೆ ನೋಡಬೇಕು, ಕೈಯಿಲೆ ಮುಟ್ಟಬೇಕು, ಆಮ್ಯಾಲೆ ಕಿಸೆಕ್ಕ ಕೈ ಹಾಕಬೇಕು."

ಇಲ್ಲಿ ನನ್ನ ತಲೆ ಕೆಟ್ಟಿತು. ಯಾಕೆಂದರೆ ಇದೇ ಅಪ್ಪ ಬರುವ ಮಾಘಕ್ಕೆ ಗದಗಿನಲ್ಲಿ ಕಲ್ಯಾಣ ಮಂಟಪ ಹಿಡಿದು ಮುಂಗಡ ಕೊಟ್ಟು ಬಂದಿದ್ದಾನೆ. ನನ್ನ ಮದುವೆಗೆ. ಹುಡುಗಿ ಇನ್ನೂ ಸಿಕ್ಕಿಲ್ಲ. ಸಿಗುವುದಿರಲಿ, ನೋಡಿಯೂ ಇಲ್ಲ. ಒಳ್ಳೆಯ ಮುಹೂರ್ತಕ್ಕೆ ಆಮೇಲೆ ಮಂಟಪ ಸಿಗುವುದಿಲ್ಲವಂತೆ. ಮಂಟಪ ಸಿಕ್ಕೂ ಹೆಣ್ಣು ಸಿಗದಿದ್ದರೆ ಏನು ಗತಿ ಎಂದು ಯಾರೂ ಕೇಳಲಿಲ್ಲ. ಅಡಿಗೆಯವನಿಗೂ ಹೇಳಿಟ್ಟಾಗಿದೆ.

"ಅಪ್ಪಾ, ಹಡಗ ಖರೇನ ಐತಿ, ಮುಂಬೈದಾಗ ನಿಂತೈತಿ. ನನ್ನ ಹೆಂಡ್ತಿ ಎಲ್ಲಿ ಅದಾಳು, ಒಂದು ಸಲ ಕಣ್ಣಿಲೆ ತೋರ್ಸು."

"ಅದು ಬ್ಯಾರೆ," ಅಂದ ಅಪ್ಪ.

"ಅದು ಬ್ಯಾರೆ, ಇದು ಬ್ಯಾರೆ," ಅಂದ ಕಾಕಾ.

ಅಣ್ಣತಮ್ಮಂದಿರು ವರ್ಷವಿಡೀ ಜಗಳಾಡುವವರು ಆ ಒಂದು ಮಾತಿಗೆ ಒಂದಾದರು.

ಅವ್ವ ಬಾಗಿಲಲ್ಲಿ ನಿಂತು ತನ್ನದನ್ನೂ ಸೇರಿಸಿದಳು. "ಕಡೀ ದಿನ ಶುಕ್ರಾರ ಐತಿ ಅಂತೀರಿ. ಶುಕ್ರಾರ ಲಕ್ಷ್ಮಿನ್ನ ಯಾರರ ಮನಿ ಹೊರಗ ಹಾಕ್ತಾರೇನ್ರಿ ಅಕ್ಕಾರ?" ಮಂಗಳವಾರವೂ ಆಗುವುದಿಲ್ಲ, ಅದೇ ಕಾರಣಕ್ಕೆ. ಬುಧವಾರ ಕಾಕಾ ಸೊರಟೂರಿನ ಬೀಗರಿಗೂ ಮುಂಡರಗಿಯ ಗೆಳೆಯನಿಗೂ ಫೋನ್ ಹಚ್ಚಿ ಸಲಹೆ ಕೇಳಿದ. ಇಬ್ಬರೂ ತುಂಗಭದ್ರೆಗಿಂತ ದೊಡ್ಡ ನೀರು ನೋಡಿದವರಲ್ಲ. ಆದರೂ ಹಡಗಿನ ವಿಷಯದಲ್ಲಿ ಇಬ್ಬರಿಗೂ ಭಾರಿ ಅನುಭವವಿತ್ತು. ಹೀಗೆ ದಿನ ದೂಡುವುದೇ ಉಪಾಯವೆಂದು ನನಗೆ ಆಗ ಹೊಳೆಯಿತು. ಬೇಡ ಅಂತ ಯಾರೂ ಅನ್ನುವುದಿಲ್ಲ, ತಡಿ ಅನ್ನುತ್ತಾರೆ. ತಡೆದು ತಡೆದು ಶುಕ್ರವಾರ ದಾಟಿಸಿಬಿಟ್ಟರೆ ಬೇಡ ಅನ್ನುವ ಪಾಪ ಯಾರಿಗೂ ತಟ್ಟುವುದಿಲ್ಲ.

ಗುರುವಾರ ಸಂಜೆ ಮತ್ತೆ ಕೂತರು. ಆ ಹೊತ್ತಿಗೆ ದರದ ಮಾತು ಮುಗಿದು ಬೇರೊಂದು ಮಾತು ಓಡಾಡತೊಡಗಿತ್ತು.

"ದೀಪಾವಳಿ ಅಂದ್ರ ಭಾಳ ದೂರಾತು. ಆ ಮಟಾ ಏನರ ಹೆಚ್ಚುಕಮ್ಮಿ ಆದ್ರ?" ಅಂದ ಅಪ್ಪ, ಚಹಾದ ಬಸಿಯೊಳಗೆ ನೋಡುತ್ತಾ.

"ಅದನ್ನ ನಾನೂ ಅನ್ನೂದು. ವಯಸ್ಸು ಅನ್ನೂದು ಒಂದ ಇರತೈತಲ್ಲ. ಹೆಚ್ಚುಕಮ್ಮಿ ಆತು ಅಂದ್ರ ರೊಕ್ಕ ನೀರಾಗ ಹ್ವಾದಂಗ," ಅಂದ ಕಾಕಾ.

ನಮ್ಮ ಕಡೆ ಸಾವಿಗೆ ಸಾವು ಅನ್ನುವುದಿಲ್ಲ, ಹೆಚ್ಚುಕಮ್ಮಿ ಅನ್ನುತ್ತಾರೆ. ಅತ್ತೆ ಎದುರಿಗೇ ಕೂತಿದ್ದಾಳೆ, ಚುರುಮರಿಯಲ್ಲಿನ ಶೇಂಗಾ ಆರಿಸಿ ತಿನ್ನುತ್ತಿದ್ದಾಳೆ, ಹಲ್ಲೂ ಗಟ್ಟಿ ಇವೆ. ಅವಳ ತಮ್ಮಂದಿರಿಬ್ಬರೂ ಅವಳು ದೀಪಾವಳಿ ಕಾಣುತ್ತಾಳೋ ಇಲ್ಲವೋ ಎಂದು ಅವಳ ಮುಂದೆಯೇ ತೂಗಿ ನೋಡುತ್ತಿದ್ದಾರೆ, ಅದೂ ಬಹಳ ಮರ್ಯಾದೆಯಿಂದ. ನನಗೆ ಮೈ ಉರಿದುಹೋಯಿತು. ಗಂಟಲು ಕೆರೆದೆ. ಇಲ್ಲದ ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಾಕಾನ ದನಿ ತೆಗೆದೆ.

"ಅಕ್ಕಾ, ತಪ್ಪು ತಿಳ್ಕೋಬ್ಯಾಡ. ನೀ ದೀಪಾವಳಿ ಮಟಾ ಬದುಕಿರ್ತಿ ಅನ್ನೂದಕ್ಕ ಗ್ಯಾರಂಟಿ ಏನು? ಸತ್ರ ನಮ್ಮ ಪಾಲಿನ ರೊಕ್ಕ ಕಡಿಮಿ ಆಗತೈತಿ."

ಅಷ್ಟು ಚೆನ್ನಾಗಿ ಕಾಕಾನ ದನಿ ನನಗೆ ಎಂದೂ ಬಂದಿರಲಿಲ್ಲ. ಅವನಿಗೇ ಒಂದು ಕ್ಷಣ ತಾನೇ ಅಂದೆನೇನೋ ಎಂದು ಗಾಬರಿಯಾಗಿರಬೇಕು, ಬಾಯಿ ಮುಟ್ಟಿ ನೋಡಿಕೊಂಡ. ಆಮೇಲೆ ಎದ್ದು ನನ್ನ ಕಡೆ ಬಂದ. ಅವ್ವ ಅಡ್ಡ ಬಂದಳು. ಕಾಪಾಡಲು ಬಂದಳು ಅಂದುಕೊಂಡೆ, ತಾನೇ ಮೊದಲು ಬೆನ್ನಿಗೊಂದು ಬಾರಿಸಿದಳು.

"ಅವನ್ನ ಬಿಡ್ರಿ," ಅಂದಳು ಅತ್ತೆ. ಶಿರಹಟ್ಟಿಯ ಮಕ್ಕಳು ಆ ದನಿಗೆ ಹೇಗೆ ಕೂತಿರಬಹುದೋ ಹಾಗೆ ಎಲ್ಲರೂ ಕೂತರು. "ನಾನೂ ವಾರದಿಂದ ಕಾಯಾಕತ್ತೀನಿ, ಯಾರರ ಒಬ್ರು ಖರೆ ಮಾತಾಡ್ತೀರೇನು ಅಂತ. ಈಗ ಕೇಳ್ರಿ. ಬದುಕಿದ್ರ ಹಡಗ ಹತ್ತೀನಿ. ಸತ್ರ ಆ ರೊಕ್ಕ ತಗೊಂಡು ನಾ ಏನ್ ಮಾಡ್ಲಿ? ನಷ್ಟ ಆಗೂದು ನನಗಲ್ಲ, ನಿಮಗ. ಅಷ್ಟ್ ನಷ್ಟ ತಡಕೋರಿ."

"ಹಂಗಲ್ಲಕ್ಕಾ..." ಎಂದು ಅಪ್ಪ ಶುರು ಮಾಡಿದ.

"ಹೆಂಗೋ ಮತ್ತ?"

ಅಪ್ಪ ಬಸಿ ಎತ್ತಿ ಆರಿದ ಚಹಾ ಕುಡಿದ.

ಮರುದಿನ ಶುಕ್ರವಾರವೇ ಹೊರಟಳು. ಅವ್ವ ಹೊಸ್ತಿಲಲ್ಲಿ, "ಅಕ್ಕಾರ, ಲಕ್ಷ್ಮಿ..." ಎಂದು ಕಡೆಯ ಸಲ ಅಂದಳು. "ಆಕೀನೂ ಈ ಮನ್ಯಾಗ ಕುಂತು ಕುಂತು ಬ್ಯಾಸತ್ತಿರಬೇಕು, ನನ್ನ ಜೋಡಿ ಬರ್ಲಿ ಬಿಡವಾ" ಎಂದು ಅತ್ತೆ ಆಟೊ ಹತ್ತಿದಳು. ನಾನು ಆ ದಿನ ಅಂಗಡಿಗೆ ರಜೆ ಹಾಕಿ ಇಸ್ತ್ರಿ ಅಂಗಿ ತೊಟ್ಟಿದ್ದೆ. ಕೋಣೆ ಇಬ್ಬರದು, ನ್ಯಾಯಕ್ಕಾಗಿ ಹೋರಾಡಿದವನು ನಾನೊಬ್ಬನೇ. ಏಜೆಂಟ್ ಹುಡುಗ, "ಜೋಡೀಗೆ ಯಾರ್ರಿ ಅಕ್ಕೋರ?" ಎಂದು ಕೇಳಿದಾಗ ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ನಿಂತೆ. ಅತ್ತೆ ಲಕ್ಷ್ಮೇಶ್ವರದ ತನ್ನ ಗೆಳತಿಯ ಹೆಸರು ಬರೆಸಿದಳು. ಅದೇ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ನಿಂತು ಶಿರಹಟ್ಟಿಗೆ ಹೋಗಿ ಬಂದ ಇನ್ನೊಬ್ಬ ಅಕ್ಕೋರು, ಇನ್ನೆರಡು ಕೆಟ್ಟ ಮೊಣಕಾಲು.

"ಮತ್ತ ನಾನು?"

"ನಿನ್ನ ಕರಕೊಂಡು ಹ್ವಾದ್ರ, ಕ್ಯಾಪ್ಟನ್ ದನಿ ತಗದು ಹಡಗ ಮುಳುಗಾಕತ್ತೈತಿ ಅಂತ ಒದರ್ತಿ. ಮಂದಿ ನೀರಿಗೆ ಹಾರ್ತಾರ. ಬ್ಯಾಡಪಾ."

ಹೋಗಿದ್ದರೆ ಒದರುತ್ತಿದ್ದೆ, ನಿಜ. ಆದರೂ ಅದು ಹೇಳುವ ರೀತಿಯೇ?

ಇನ್ನು ನನ್ನ ಸಿಟ್ಟಿನ ನಿಜವಾದ ಭಾಗ. ರೊಕ್ಕ ಕಟ್ಟಿ ಬಂದ ದಿನದಿಂದ ಮನೆಯವರ ನಡೆಯೇ ಬದಲಾಯಿತು. ಕಟ್ಟಿದ್ದು ವಾಪಸ್ ಬರುವುದಿಲ್ಲವಲ್ಲ, ಈಗ ಅತ್ತೆಗೆ ಏನೂ ಆಗಬಾರದು. ಅವಳು ಒಂದು ಸಲ ಸೀನಿದರೆ ಕಾಕಾ ಶುಂಠಿ ಹಿಡಿದು ಬರುತ್ತಾನೆ. ಅಪ್ಪ ಅವಳನ್ನು ಮೊಣಕಾಲಿನ ಡಾಕ್ಟರರ ಹತ್ತಿರ ಕರೆದೊಯ್ದ. ಇಷ್ಟು ವರ್ಷ "ವಯಸ್ಸಾತು, ನೋವು ಇರೂದ" ಅನ್ನುತ್ತಿದ್ದವನು ಇವನೇ. ಅವ್ವ ದಿನಾ ಎಣ್ಣೆ ಕಾಯಿಸಿ ತಿಕ್ಕುತ್ತಾಳೆ. ಕೂತರೆ ಏಳಲಾಗುವುದಿಲ್ಲ, ಕೆಳಗೊಂದು ಕಮೋಡ್ ಹಾಕಿಸಿರೋ ಎಂದು ಅತ್ತೆ ಕೇಳಿ ಕೇಳಿ ಬಿಟ್ಟಿದ್ದಳು. ಆಷಾಢದಲ್ಲಿ ಕಾಕಾ ತಾನೇ ಗೌಂಡಿಯನ್ನು ಕರೆಸಿ ಹಾಕಿಸಿದ, ಗೋಡೆಗೆ ಹಿಡಿಕೆ ಸಮೇತ. "ಹಡಗದಾಗ ಇಂಥದ್ದ ಇರತೈತಿ, ರೂಢಿ ಆಗ್ಲಿ ಅಕ್ಕಾ" ಅಂದ.

ಅಂದರೆ ಅಕ್ಕನಿಗಾಗಿ ಹಾಕಿಸಲಿಲ್ಲ, ಹಡಗಿನ ರೊಕ್ಕಕ್ಕಾಗಿ ಹಾಕಿಸಿದ. ಅಕ್ಕನ ಮೊಣಕಾಲಿಗೆ ಇಲ್ಲದ ಬೆಲೆ, ಕಟ್ಟಿದ ಮುಂಗಡಕ್ಕೆ ಬಂತು. ಮೊನ್ನೆ ಇದನ್ನು ಅತ್ತೆಯ ಮುಂದೆ ಒಂದೇ ಉಸಿರಿಗೆ ಅಂದುಬಿಟ್ಟೆ, ಯಾರ ದನಿಯೂ ಇಲ್ಲದೆ, ನನ್ನದರಲ್ಲೇ. ಅವಳು ಮಂಚದ ಮೇಲೆ ಕಾಲು ಚಾಚಿಕೊಂಡಿದ್ದಳು. ಅವ್ವ ಆಗಷ್ಟೇ ಎಣ್ಣೆ ತಿಕ್ಕಿ ಹೋಗಿದ್ದಳು.

"ನಿನಗ ಸಿಟ್ಟ ಬರೂದಿಲ್ಲೇನ್ ಅತ್ತಿ?"

"ಬರತೈತಿ. ಆದ್ರ ಸಿಟ್ಟ ಮಾಡಿದ್ರ ಎಣ್ಣಿ ತಿಕ್ಕೂದು ನಿಲ್ಲಸ್ತಾರ. ಆ ಸಿಟ್ಟ ನೀ ಇಟಗೊಂಡಿರು ಸದ್ಯೇಕ. ದೀಪಾವಳಿ ಆಗ್ಲಿ, ಹಡಗ ಇಳದು ಬಂದು ನಾನ ಮಾಡ್ತೀನಿ."

ಹಾಗೆಂದು ಒಳಗಿದ್ದ ಅವ್ವನಿಗೆ ಕೇಳುವ ಹಾಗೆ ಒಂದು ಸಲ ಜೋರಾಗಿ ಕೆಮ್ಮಿದಳು. ಅಡಿಗೆಮನೆಯಲ್ಲಿ ಹಾಲು ಒಲೆಗೇರಿದ ಸದ್ದು ಕೇಳಿಸಿತು.